ಮಲೆನಾಡಿಗೆ ಕ್ಯಾಂಪರ್ ವ್ಯಾನ್: ಯಾವ ದೇಶದಿಂದ ಏನು ತಗೋಬೇಕು, ಏನು ಬಿಡಬೇಕು

ಯೂಟ್ಯೂಬ್‌ನಲ್ಲಿ ಕ್ಯಾಂಪರ್ ವ್ಯಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಗಾಡಿ) ಕಟ್ಟುವ ವಿಡಿಯೊ ನೋಡಿ, ಅಳತೆ ಬರೆದುಕೊಂಡು, ಹಾಸನದ ಯಾವುದೋ ವೆಲ್ಡಿಂಗ್ ಅಂಗಡಿ ಮುಂದೆ ಗಾಡಿ ನಿಲ್ಲಿಸುವ ಮುನ್ನ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ: ಆ ವಿಡಿಯೊ ಯಾವ ದೇಶದ್ದು? ಅಮೆರಿಕದ ಗಾಡಿಗೆ ಬಾಗಿಲು ಬಲಗಡೆ, ಕರೆಂಟು 120 ವೋಲ್ಟ್, ಕಕ್ಕಸಿನ ಟ್ಯಾಂಕು ನೆಲದಡಿಯಲ್ಲಿ. ಜಪಾನಿನ ಪುಟ್ಟ ಕ್ಯಾಂಪರ್‌ನಲ್ಲಿ ಎಷ್ಟೋ ಸಲ ಕಕ್ಕಸೇ ಇರುವುದಿಲ್ಲ. ಆಸ್ಟ್ರೇಲಿಯಾದ್ದು ಧೂಳಿಗೆ ಹೆದರಿ ಕಟ್ಟಿದ್ದು, ಜರ್ಮನಿಯದ್ದು ಹಿಮಕ್ಕೆ ಹೆದರಿ ಕಟ್ಟಿದ್ದು. ನಮಗೆ ಹೆದರಿಕೆ ಇರುವುದು ಮಳೆಗೆ, ಘಾಟಿಗೆ, ಸ್ವಲ್ಪ ಮಟ್ಟಿಗೆ ಆನೆಗೆ.

ಯಾವ ದೇಶದ ಗಾಡಿಯಾದರೂ ಅಲ್ಲಿನ ರಸ್ತೆ, ಅಲ್ಲಿನ ಪ್ಲಗ್ಗು, ಅಲ್ಲಿ ಕೊಳೆ ಸುರಿಯಲು ಸಿಗುವ ಜಾಗ ಈ ಮೂರರಿಂದ ಅದರ ಆಕಾರ ಪಡೆದಿರುತ್ತದೆ. ಹಾಗಾಗಿ ಒಂದೇ ದೇಶದ ನಕ್ಷೆಯನ್ನು ಇಡಿಯಾಗಿ ನಕಲು ಹೊಡೆದರೆ ಸಕಲೇಶಪುರ ದಾಟುವಷ್ಟರಲ್ಲಿ ತಪ್ಪು ಗೊತ್ತಾಗುತ್ತದೆ. ಅಳತೆ ಒಂದು ಕಡೆಯಿಂದ, ಕರೆಂಟು ಇನ್ನೊಂದು ಕಡೆಯಿಂದ, ಕಕ್ಕಸು ಮತ್ತೊಂದು ಕಡೆಯಿಂದ ಆರಿಸಿಕೊಳ್ಳಬೇಕು.

ಅಳತೆ: ಜಪಾನಿನ ಕಡೆ ನೋಡಿ

ಅಮೆರಿಕದ ದೊಡ್ಡ ಮೋಟಾರ್‌ಹೋಮ್, ಅಂದರೆ ಅಲ್ಲಿ ಕ್ಲಾಸ್ ಎ ಅನ್ನುವ ಬಸ್ಸಿನಂಥ ಗಾಡಿ, ಎಂಟೂವರೆ ಅಡಿ (2.59 ಮೀಟರ್) ಅಗಲ, 45 ಅಡಿವರೆಗೂ ಉದ್ದ. ನೇರ ಹೆದ್ದಾರಿ, ವಿಶಾಲ ಕ್ಯಾಂಪ್‌ಗ್ರೌಂಡ್ ಇರುವ ದೇಶಕ್ಕೆ ಅದು ಸರಿ. ಯುರೋಪಿನಲ್ಲಿ ಊರುಗಳ ಬೀದಿ ಕಿರಿದು, ಜೊತೆಗೆ ಸಾಮಾನ್ಯ ಕಾರಿನ ಲೈಸೆನ್ಸ್‌ಗೆ 3,500 ಕೆಜಿ ಮಿತಿ ಬಹುಕಾಲದಿಂದ ಇದೆ. ಅದಕ್ಕೇ ಅಲ್ಲಿ ಫಿಯೆಟ್ ಡುಕಾಟೊ ಮೇಲೆ ಕಟ್ಟಿದ ವ್ಯಾನುಗಳೇ ಹೆಚ್ಚು: 2.05 ಮೀಟರ್ ಅಗಲ, 6 ಮೀಟರ್ ಆಸುಪಾಸು ಉದ್ದ. ನಮ್ಮಲ್ಲಿ ಎಲ್‌ಎಂವಿ ಲೈಸೆನ್ಸ್‌ಗೆ 7,500 ಕೆಜಿವರೆಗೆ ಅವಕಾಶ ಇರುವುದರಿಂದ ಕಾಗದ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ರಸ್ತೆ. ಕೊಟ್ಟಿಗೆಹಾರದಿಂದ ಕೆಳಗಿಳಿಯುವ ಚಾರ್ಮಾಡಿಯ ತಿರುವುಗಳಲ್ಲಿ, ತೋಟದೊಳಗಿನ ಒಂದು ಜೀಪಿನ ದಾರಿಯಲ್ಲಿ ಆರು ಮೀಟರ್ ಗಾಡಿ ಹೋಗುತ್ತದೇನೋ ಹೌದು. ಎದುರಿಗೆ ಪಿಕಪ್ ಬಂದಾಗ ಹಿಂದಕ್ಕೆ ತೆಗೆಯುವವರು ಯಾರು ಅನ್ನುವುದು ಪ್ರಶ್ನೆ.

ಜಪಾನಿನಲ್ಲಿ ಕೇ ಅನ್ನುವ ಸಣ್ಣ ಗಾಡಿಗಳ ವರ್ಗ ಇದೆ. ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎತ್ತರ 2 ಮೀಟರ್, ಎಂಜಿನ್ 660 ಸಿಸಿ, ಇದರಾಚೆಗೆ ಹೋಗುವಂತಿಲ್ಲ. ಆ ಪೆಟ್ಟಿಗೆಯೊಳಗೇ ಅವರು ಇಬ್ಬರಿಗೆ ಹಾಸಿಗೆ, ಮಡಚುವ ಮೇಜು, ಒಂದು ಸಿಂಕು ಕೂರಿಸುತ್ತಾರೆ. ಈಗ ನಮ್ಮ ಮಾರುತಿ ಈಕೊ ನೋಡಿ: ಉದ್ದ 3,675 ಮಿಮೀ, ಅಗಲ 1,475 ಮಿಮೀ. ಅಗಲದಲ್ಲಿ ಐದು ಮಿಲಿಮೀಟರ್ ವ್ಯತ್ಯಾಸ, ಉದ್ದದಲ್ಲಿ ನಮಗೇ ಲಾಭ. ಎತ್ತರ 1,825 ಮಿಮೀ, ಅಲ್ಲಿ ಮಾತ್ರ ಒಂದು ಗೇಣಿಗೆ ಹತ್ತಿರ ಕಮ್ಮಿ. ಜಪಾನ್ ಕೂಡ ನಮ್ಮ ಹಾಗೆ ಎಡಗಡೆ ಗಾಡಿ ಓಡಿಸುವ ದೇಶ. ಅಂದರೆ ಕೇ ಕ್ಯಾಂಪರ್‌ನ ಒಳನಕ್ಷೆಯನ್ನು ಈಕೊಗೆ ಹೆಚ್ಚು ತಿದ್ದದೆ ಇಳಿಸಬಹುದು. ಈಕೊ ಹಿಂದಿನ ಚಕ್ರ ತಿರುಗುವ ಗಾಡಿ. ಹಿಂದೆ ಭಾರ ಬಿದ್ದಷ್ಟೂ ಏರಿನಲ್ಲಿ ಹಿಡಿತ ಸಿಗುತ್ತದೆ, ಮುಂದಿನ ಚಕ್ರದ ಗಾಡಿಯ ಹಾಗೆ ಒದ್ದೆ ಮಣ್ಣಿನಲ್ಲಿ ಸುಮ್ಮನೆ ಸುತ್ತುವುದಿಲ್ಲ. ಒಂದೇ ಎಚ್ಚರ: ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ. ಆ ಮುಚ್ಚಳದ ಮೇಲೆ ಪೆಟ್ಟಿಗೆ ಕೂರಿಸಿದರೆ ಮೆಕ್ಯಾನಿಕ್ ಪ್ರತಿಸಲ ನಿಮ್ಮ ಅಡುಗೆಮನೆ ಬಿಚ್ಚಬೇಕಾಗುತ್ತದೆ.

ಬಾಗಿಲಿನ ವಿಚಾರ ಚಿಕ್ಕದು, ಆದರೆ ತುಂಬ ಜನ ಎಡವುತ್ತಾರೆ. ಅಮೆರಿಕ, ಜರ್ಮನಿ, ಫ್ರಾನ್ಸ್ ನಕ್ಷೆಗಳಲ್ಲಿ ಬಾಗಿಲು, ಮಡಚುವ ಚಪ್ಪರ ಎರಡೂ ಬಲಗಡೆ, ಯಾಕಂದರೆ ಅವರ ರಸ್ತೆ ಅಂಚು ಬಲಗಡೆ. ಅದನ್ನು ಹಾಗೇ ಮಾಡಿಸಿದರೆ ನೀವು ಇಳಿಯುವುದು ಓಡುವ ಲಾರಿಗಳ ಕಡೆಗೆ. ನಕ್ಷೆಯನ್ನು ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಎಡಬಲ ಬದಲಿಸಿ, ಇಲ್ಲವೇ ಮೊದಲೇ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಜಪಾನ್ ಇವುಗಳ ನಕ್ಷೆ ಆರಿಸಿಕೊಳ್ಳಿ. ತಿರುಗಿಸುವಾಗ ಪೆಟ್ರೋಲ್ ಮುಚ್ಚಳ ಯಾವ ಕಡೆ ಇದೆ ನೋಡಿ. ಗ್ಯಾಸ್ ಪೆಟ್ಟಿಗೆಯ ಗಾಳಿತೂತು ಅದರ ಪಕ್ಕಕ್ಕೆ ಬರಬಾರದು.

ಎಳೆದುಕೊಂಡು ಹೋಗುವ ಟ್ರೇಲರ್ ಕ್ಯಾರವಾನ್ ಬ್ರಿಟನ್ನಿನಲ್ಲಿ ಬಹಳ ಜನಪ್ರಿಯ, ಅಮೆರಿಕದಲ್ಲಿ ಪಿಕಪ್ಪಿನ ಬೆನ್ನಿಗೇ ಕೂರುವ ಫಿಫ್ತ್ ವೀಲ್ ಇದೆ. ಹಾಸನ, ಚಿಕ್ಕಮಗಳೂರು, ನಮ್ಮೀ ಎರಡು ಜಿಲ್ಲೆಗೆ ಅದು ಬೇಡ. ಹೇರ್‌ಪಿನ್‌ನಲ್ಲಿ ಟ್ರೇಲರ್ ಹಿಂದಕ್ಕೆ ತೆಗೆಯುವುದು ಪಳಗಿದ ಟ್ರ್ಯಾಕ್ಟರ್ ಚಾಲಕರಿಗೇ ಕಷ್ಟ.

ಕಾಗದ ಮತ್ತು ತೂಕ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಬರೆದದ್ದಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. ಸೀಟು ಕಿತ್ತು ಸೀಟುಗಳ ಸಂಖ್ಯೆ ಬದಲಾದರೂ ಅದು ಮಾರ್ಪಾಡೇ. ಕಾರ್ಖಾನೆಯಿಂದಲೇ ಮೋಟಾರ್ ಕ್ಯಾರವಾನ್ ಆಗಿ ಬರುವ ಗಾಡಿಗಳಿಗೆ ಎಐಎಸ್-124 ಅನ್ನುವ ಪ್ರತ್ಯೇಕ ಮಾನದಂಡ ಇದೆ. ಹಳೇ ಟೆಂಪೊ ಟ್ರಾವೆಲರ್ ತಗೊಂಡು ಕ್ಯಾರವಾನ್ ಮಾಡೋಣ ಅನ್ನುವವರು ಮೊದಲು ಕೆಎ-13, ಕೆಎ-18 ಅಥವಾ ಕೆಎ-46, ನಿಮ್ಮ ಆರ್‌ಟಿಒ ಯಾವುದೋ ಅಲ್ಲಿಗೆ ಹೋಗಿ ಬನ್ನಿ, ಬಾಡಿ ಬಿಲ್ಡರ್ ಹತ್ತಿರ ಆಮೇಲೆ. ಈಕೊ ಥರದ ಸ್ವಂತ ಗಾಡಿಗೆ ಸುಲಭದ ದಾರಿ ಎಂದರೆ ಎತ್ತಿಡುವ ಪೆಟ್ಟಿಗೆ: ಸೀಟು ಇದ್ದ ಹಾಗೇ ಇರಲಿ, ಅದರ ಮೇಲೂ ಹಿಂದೂ ಕೂರುವ ಹಲಗೆಪೆಟ್ಟಿಗೆ ಮಾಡಿಸಿ, ಪ್ರವಾಸ ಮುಗಿದ ಮೇಲೆ ಇಳಿಸಿಬಿಡಿ. ತಲೆ ಮೇಲಿನ ಜಾಗ ಕಡಿಮೆಯಾಗುತ್ತದೆ, ಅದಕ್ಕೆ ಒಗ್ಗಿಕೊಳ್ಳಬೇಕು. ಪೆಟ್ಟಿಗೆಯನ್ನು ಸೀಟ್‌ಬೆಲ್ಟಿನ ಬುಡಕ್ಕೆ ರ್‍ಯಾಚೆಟ್ ಪಟ್ಟಿಯಿಂದ ಬಿಗಿಯಿರಿ. ನೆಲಕ್ಕೆ ಹೊಸ ತೂತು ಕೊರೆಯಬೇಡಿ. ಕೆಳಗೆ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಹಾದಿರುತ್ತವೆ.

ತೂಕ ಬಾಯಿಲೆಕ್ಕದಲ್ಲಿ ಹೇಳುವಂಥದ್ದಲ್ಲ. 12 ಮಿಮೀ ಪ್ಲೈವುಡ್ಡಿನ ಎಂಟು ನಾಲ್ಕರ ಒಂದು ಹಾಳೆಯೇ ಸುಮಾರು 25 ಕೆಜಿ. ಎರಡು ಹಾಳೆ 50, ಲಿಥಿಯಂ ಬ್ಯಾಟರಿ 12, ಸೋಲಾರ್ ಪ್ಯಾನೆಲ್ 12, ಫ್ರಿಜ್ 16, ನೀರು 40, ತುಂಬಿದ ಸಣ್ಣ ಸಿಲಿಂಡರ್ 12, ಹಾಸಿಗೆ ಪಾತ್ರೆ ಪಗಡ 40. ಅಲ್ಲಿಗೆ 180 ದಾಟಿತು, ಇನ್ನೂ ಇಬ್ಬರು ಹತ್ತಿಲ್ಲ. ಎಲ್ಲ ತುಂಬಿಕೊಂಡು, ಇಬ್ಬರೂ ಕೂತು, ವೇಬ್ರಿಡ್ಜ್‌ಗೆ ಹೋಗಿ ಮೂರು ಸಲ ತೂಗಿ: ಇಡೀ ಗಾಡಿ, ಮುಂದಿನ ಚಕ್ರಗಳು ಮಾತ್ರ, ಹಿಂದಿನ ಚಕ್ರಗಳು ಮಾತ್ರ. ಒಟ್ಟು ತೂಕ ಕಂಪನಿ ಕೊಟ್ಟ ಮಿತಿಯ ಒಳಗಿದ್ದರೂ ಹಿಂದಿನ ಆಕ್ಸಲ್ ಮಿತಿ ಮೀರಿರುವುದು ಸಾಮಾನ್ಯ, ಯಾಕಂದರೆ ನೀರು, ಬ್ಯಾಟರಿ, ಗ್ಯಾಸ್ ಮೂರನ್ನೂ ಎಲ್ಲರೂ ಹಿಂಬಾಗಿಲ ಹತ್ತಿರ ಇಡುತ್ತಾರೆ. ನೀರನ್ನು ಮುಂದಿನ ಸೀಟಿನ ಬೆನ್ನಿಗೆ, ನೆಲಕ್ಕೆ ತಾಗಿಸಿ ಇಡಿ. ಶಿರಾಡಿ ಇಳಿಯುವಾಗ ಬ್ರೇಕ್ ಬಿಸಿಯಾಗಿ ಪೆಡಲ್ ಮೆತ್ತಗಾಗುವುದು ಈ ಹೆಚ್ಚುವರಿ ನೂರೈವತ್ತು ಇನ್ನೂರು ಕೆಜಿಯಿಂದಲೇ. ಹತ್ತಿದ ಗೇರಿನಲ್ಲೇ ಇಳಿಯಿರಿ.

ಕರೆಂಟು

ಅಮೆರಿಕದ ಕ್ಯಾಂಪ್‌ಗ್ರೌಂಡಿನಲ್ಲಿ ಬಹಳ ಕಡೆ ಗಾಡಿ ನಿಲ್ಲಿಸುವ ಜಾಗದಲ್ಲೇ ಕರೆಂಟು, ನೀರು, ಒಳಚರಂಡಿ ಸಿಗುತ್ತವೆ. ಅಲ್ಲಿನ 30 ಆಂಪ್ ಕನೆಕ್ಷನ್ 120 ವೋಲ್ಟಿಗೆ 3,600 ವಾಟ್. 50 ಆಂಪ್‌ನದು ಎರಡು ಲೈನ್ ಸೇರಿ 12,000 ವಾಟ್. ಅದಕ್ಕೇ ಅವರ ಗಾಡಿ ಮೇಲೆ ಎರಡು ಎಸಿ, ಒಳಗೆ ಮೈಕ್ರೋವೇವ್. ಯುರೋಪಿನ ಕ್ಯಾಂಪ್‌ಸೈಟಿನಲ್ಲಿ 230 ವೋಲ್ಟಿನ ನೀಲಿ ಪ್ಲಗ್ಗು, ಆದರೆ ಬಹಳ ಕಡೆ ಕೊಡುವುದು 6 ಅಥವಾ 10 ಆಂಪ್ ಅಷ್ಟೇ. 6 ಆಂಪ್ ಅಂದರೆ 1,380 ವಾಟ್. ಕೆಟಲ್ ಹಾಕಿ ಹೀಟರ್ ಹಾಕಿದರೆ ಬ್ರೇಕರ್ ಬೀಳುತ್ತದೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಪ್ಲಗ್ಗೇ ಸಿಗದು, ಅದರಿಂದ ಅಲ್ಲಿ ಎರಡನೇ ಬ್ಯಾಟರಿ ಮತ್ತು ಸೋಲಾರ್ ಶಾಸ್ತ್ರ ಚೆನ್ನಾಗಿ ಬೆಳೆದಿದೆ. ನಾವು ಕಲಿಯಬೇಕಾದ್ದು ಅವರಿಂದ, ಒಂದು ತಿದ್ದುಪಡಿ ಸಮೇತ: ಅವರಿಗೆ ಬಿಸಿಲು ಉಂಟು, ನಮಗೆ ಕಾಫಿ ತೋಟದ ಸಿಲ್ವರ್ ಓಕ್ ಮರದ ನೆರಳು.

ಮೊದಲು ಖರ್ಚಿನ ಲೆಕ್ಕ. 40 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ನಮ್ಮ ಹವೆಗೆ ದಿನಕ್ಕೆ ಸುಮಾರು 400ರಿಂದ 500 ವಾಟ್-ಅವರ್. ಮೂರು ಎಲ್‌ಇಡಿ ದೀಪ ಐದು ಗಂಟೆ, 75. ಸಣ್ಣ ಫ್ಯಾನು 120. ಫೋನು, ಲ್ಯಾಪ್‌ಟಾಪ್ 150. ನೀರಿನ ಪಂಪು ಲೆಕ್ಕಕ್ಕಿಲ್ಲ. ಒಟ್ಟು 800 ಆಸುಪಾಸು. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಮೇಲಿವೆ, ಎಸಿ ಮರೆತುಬಿಡಿ. 12.8 ವೋಲ್ಟಿನ 100 ಆಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದರಲ್ಲಿ 1,280 ವಾಟ್-ಅವರ್ ಇರುತ್ತದೆ; ಒಂದೂವರೆ ದಿನಕ್ಕೆ ಸಾಕು. ಮನೆ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಇದೆಯಲ್ಲ, ಅದನ್ನೇ ಹಾಕೋಣ ಅನ್ನಬೇಡಿ. 50 ಕೆಜಿ ಮೇಲ್ಪಟ್ಟ ಭಾರ, ತಿರುವಿನಲ್ಲಿ ಆಸಿಡ್ ಚೆಲ್ಲುತ್ತದೆ, ಚಾರ್ಜ್ ಆಗುವಾಗ ಬಿಡುವ ಹೈಡ್ರೋಜನ್ ನೀವು ಮಲಗುವ ಕೋಣೆಯಲ್ಲೇ ತುಂಬುತ್ತದೆ. ಹೀಟರ್ ಇರುವ ಲಿಥಿಯಂ ಬ್ಯಾಟರಿಗೂ ದುಡ್ಡು ಸುರಿಯಬೇಕಿಲ್ಲ. ಅದು ಕೆನಡಾದವರಿಗೆ, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಅನ್ನುವ ಕಾರಣಕ್ಕೆ.

ತುಂಬಿಸುವುದು ಹೇಗೆ? ಇಲ್ಲಿ ಒಂದೇ ಜಿಲ್ಲೆಗೆ ಎರಡು ಉತ್ತರ. ಅರಸೀಕೆರೆ, ಚನ್ನರಾಯಪಟ್ಟಣದ ಬಯಲಿನಲ್ಲಿ ಬೇಸಿಗೆಯಲ್ಲಿ 200 ವಾಟಿನ ಪ್ಯಾನೆಲ್ ದಿನಕ್ಕೆ 700 ವಾಟ್-ಅವರ್ ಕೊಟ್ಟೀತು. ಅದೇ ಪ್ಯಾನೆಲ್ ಜುಲೈನಲ್ಲಿ ಸಕಲೇಶಪುರ ತೋಟದ ಮರದಡಿ ಫೋನು ಚಾರ್ಜ್ ಮಾಡಿದರೆ ದೊಡ್ಡದು. ಹಾಗಾಗಿ ಮಲೆನಾಡಿಗೆ ಮುಖ್ಯ ಆಧಾರ ಎಂಜಿನ್. ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನಿಂದ ಎರಡನೇ ಬ್ಯಾಟರಿಗೆ 30 ಆಂಪಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಎರಡೂವರೆ ಗಂಟೆ ಓಡಿಸಿದರೆ ಹತ್ತಿರ ಹತ್ತಿರ ಸಾವಿರ ವಾಟ್-ಅವರ್ ತುಂಬುತ್ತದೆ. ಹಾಸನದಿಂದ ಬೇಲೂರು ಮೇಲೆ ಮೂಡಿಗೆರೆಗೆ ನಿಧಾನವಾಗಿ ಹೋದರೆ ಅದರಲ್ಲಿ ಬಹುಪಾಲು ಹೊತ್ತು ಆಗುತ್ತದೆ. ಗ್ಯಾರೇಜಿನವರು ಬರೀ ರಿಲೇ (ತಾನೇ ಆನ್-ಆಫ್ ಆಗುವ ಸ್ವಿಚ್ಚು) ಹಾಕಿ ಕೊಡ್ತೀವಿ, ಅರ್ಧ ದುಡ್ಡು ಅನ್ನುತ್ತಾರೆ. ಒಪ್ಪಬೇಡಿ. ಬಿಎಸ್-6 ಗಾಡಿಗಳಲ್ಲಿ ಮೈಲೇಜ್ ಉಳಿಸಲು ಆಲ್ಟರ್ನೇಟರಿನ ವೋಲ್ಟೇಜ್ ಇಳಿಸುವ ವ್ಯವಸ್ಥೆ ಬಹಳಷ್ಟು ಕಡೆ ಇರುತ್ತದೆ, ಆಗ ರಿಲೇ ಇದ್ದರೂ ಬ್ಯಾಟರಿ ತುಂಬುವುದಿಲ್ಲ. ಇಲ್ಲವೇ ಉಲ್ಟಾ ಆಗುತ್ತದೆ: ಖಾಲಿ ಲಿಥಿಯಂ ಬ್ಯಾಟರಿ ಸಿಕ್ಕಷ್ಟೂ ಎಳೆದು ಆಲ್ಟರ್ನೇಟರನ್ನೇ ಸುಡುತ್ತದೆ.

ವೈರಿಂಗಿಗೆ 16 ಚದರ ಮಿಮೀ ತಾಮ್ರದ ಕೇಬಲ್. ಎರಡೂ ಬ್ಯಾಟರಿಗಳ ಪ್ಲಸ್ಸಿನಿಂದ ಒಂದು ಗೇಣಿನೊಳಗೆ 50 ಆಂಪಿನ ಫ್ಯೂಸು, ಎರಡು ಕಡೆಯೂ. ಒಂದೇ ಕಡೆ ಹಾಕಿದರೆ ಮಧ್ಯದಲ್ಲಿ ಎಲ್ಲಾದರೂ ವೈರು ಉಜ್ಜಿ ಶಾರ್ಟ್ ಆದಾಗ ಫ್ಯೂಸಿಲ್ಲದ ಬ್ಯಾಟರಿ ಬೆಂಕಿ ಕೊಡುತ್ತದೆ. ತಗಡು ದಾಟುವ ಕಡೆ ರಬ್ಬರ್ ಗ್ರಾಮೆಟ್ ಹಾಕಿ. ಇಂಡಕ್ಷನ್ ಒಲೆ ಆಸೆ ಬಿಡಿ: 1,800 ವಾಟಿಗೆ 12 ವೋಲ್ಟಿನಲ್ಲಿ ಇನ್ವರ್ಟರಿನ ನಷ್ಟ ಸೇರಿ 160 ಆಂಪ್ ಮೇಲೆ ಬೇಕು, 100 ಆಂಪ್-ಅವರ್ ಬ್ಯಾಟರಿಯ ಬಿಎಂಎಸ್ (ಒಳಗಿನ ರಕ್ಷಣಾ ಸರ್ಕ್ಯೂಟು) ಸಾಮಾನ್ಯವಾಗಿ ನೂರಕ್ಕೇ ಕೈ ಎತ್ತುತ್ತದೆ.

ಹೋಮ್‌ಸ್ಟೇ ಅಥವಾ ತೋಟದ ಮನೆಯಲ್ಲಿ ಪ್ಲಗ್ಗು ಸಿಕ್ಕಿದರೆ 16 ಆಂಪಿನ ಮೂರು ಪಿನ್ ಪ್ಲಗ್ಗು, 2.5 ಚದರ ಮಿಮೀ ಮೂರೆಳೆಯ ರಬ್ಬರ್ ಕೇಬಲ್ 20 ಮೀಟರ್. ಸುರುಳಿ ಪೂರ್ತಿ ಬಿಚ್ಚಿಯೇ ಹಾಕಿ. ಡ್ರಮ್ಮಿನಲ್ಲಿ ಸುತ್ತಿದ್ದ ಹಾಗೇ 10 ಆಂಪ್ ಎಳೆದರೆ ಒಳಸುತ್ತು ಕರಗುತ್ತದೆ. ಗಾಡಿಯೊಳಗೆ ಮೊದಲು ಕರೆಂಟು ಸೋರಿದರೆ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ, ಆಮೇಲೆ ಫೇಸು, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಎಂಸಿಬಿ. ಡಬಲ್ ಪೋಲ್ ಯಾಕೆಂದರೆ ತೋಟದ ಕಾರ್ಮಿಕರ ಹಳೇ ಲೈನ್ ಮನೆಗಳ ಸಾಕೆಟ್ಟಿನಲ್ಲಿ ಫೇಸು, ನ್ಯೂಟ್ರಲ್ ಅದಲುಬದಲಾಗಿರುವುದು ಅಪರೂಪವಲ್ಲ, ಸಿಂಗಲ್ ಪೋಲ್ ಆಫ್ ಮಾಡಿದರೂ ಆಗ ಒಳಗೆ ಫೇಸು ಜೀವಂತ. ಅರ್ತ್ ಇಲ್ಲದ ಸಾಕೆಟ್ಟಾದರೆ ಚುಚ್ಚಲೇಬೇಡಿ. ಗಾಡಿ ರಬ್ಬರ್ ಚಕ್ರದ ಮೇಲಿದೆ, ಹೊರಗೆ ಒದ್ದೆ ನೆಲದಲ್ಲಿ ನಿಂತು ಬಾಗಿಲ ಹಿಡಿ ಮುಟ್ಟುವ ನೀವೇ ಅರ್ತ್ ಆಗುತ್ತೀರಿ. ಅಮೆರಿಕದಿಂದ ನೆಂಟರು ತಂದ ಸಾಮಾನಾದರೆ ಹಿಂದಿನ ಚೀಟಿ ಓದಿ: 100-240 ಎಂದಿದ್ದರೆ ಸರಿ, ಬರೀ 120 ಎಂದಿದ್ದರೆ ಚುಚ್ಚಿದ ಕ್ಷಣಕ್ಕೆ ಹೊಗೆ.

ನೀರು, ಕಕ್ಕಸು

ನೀರಿಗೆ ದೊಡ್ಡ ಟ್ಯಾಂಕು ಬೇಡ. ಆಸ್ಟ್ರೇಲಿಯಾದವರು ನೂರು ಲೀಟರ್ ಮೇಲೆ ಹೊರುವುದು ಮುಂದಿನ ನಲ್ಲಿ ಮುನ್ನೂರು ಕಿಲೋಮೀಟರ್ ಆಚೆಗಿರಬಹುದು ಅಂತ. ನಮ್ಮಲ್ಲಿ 20 ಲೀಟರಿನ ಎರಡು ಕ್ಯಾನು ಇಬ್ಬರಿಗೆ ಎರಡು ದಿನ ಬರುತ್ತವೆ, ತುಂಬಿಸಲು ಯಾರ ಮನೆಯಲ್ಲೂ ಇಲ್ಲ ಅನ್ನುವುದಿಲ್ಲ. ಪೈಪಿನ ವಿಚಾರದಲ್ಲಿ ಒಂದು ಸಣ್ಣ ಬಲೆ ಇದೆ: ಅಮೆರಿಕದ ಟ್ಯಾಂಕು, ಪಂಪುಗಳ ಮರೆ (ಥ್ರೆಡ್) ಎನ್‌ಪಿಟಿ, ನಮ್ಮ ಹಾರ್ಡ್‌ವೇರ್ ಅಂಗಡಿಯದು ಬಿಎಸ್‌ಪಿ. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು, ಹಾಗಾಗಿ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ. ಆದರೆ ಒಂದರ ಹಲ್ಲಿನ ಕೋನ 60 ಡಿಗ್ರಿ, ಇನ್ನೊಂದರದು 55. ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಒಂದು ವಾರಕ್ಕೆ ತೊಟ್ಟಿಕ್ಕಲು ಶುರು. ಕನ್ವರ್ಟರ್ ನಿಪ್ಪಲ್ ತಗೊಳ್ಳಿ, ಇಲ್ಲವೇ ಮರೆಯೇ ಬೇಡ ಅಂತ ಹೋಸು, ಕ್ಲಿಪ್ಪಿನಲ್ಲಿ ಮುಗಿಸಿ.

ಕಕ್ಕಸಿನದು ದೊಡ್ಡ ಕಥೆ. ಅಮೆರಿಕದ ಗಾಡಿಯಲ್ಲಿ ನೆಲದಡಿ ಬ್ಲ್ಯಾಕ್ ಟ್ಯಾಂಕು. ಮೂರು ಇಂಚಿನ ಹೋಸು ಹಾಕಿ ಡಂಪ್ ಸ್ಟೇಷನ್ನಿನ ಗುಂಡಿಗೆ ಬಿಡುತ್ತಾರೆ. ಆ ಗುಂಡಿ ಇಲ್ಲದ ಊರಲ್ಲಿ ಆ ಟ್ಯಾಂಕು ಬರೀ ಹೊರೆ. ಜಪಾನಿನ ಪುಟ್ಟ ಗಾಡಿಗಳಿಗೆ ಕಕ್ಕಸು ಇಲ್ಲದಿದ್ದರೂ ನಡೆಯುತ್ತದೆ, ಯಾಕಂದರೆ ಅಲ್ಲಿ 1993ರಿಂದ ಮಿಚಿ-ನೊ-ಎಕಿ ಅನ್ನುವ ರಸ್ತೆಬದಿಯ ನಿಲ್ದಾಣಗಳಿವೆ. ಪಾರ್ಕಿಂಗು, ಶೌಚಾಲಯ 24 ಗಂಟೆ ತೆರೆದಿರುತ್ತವೆ. ನಮ್ಮ ಪೆಟ್ರೋಲ್ ಬಂಕಿನ ಶೌಚಾಲಯವನ್ನು ಮಧ್ಯರಾತ್ರಿ ನಂಬಲಾಗದು. ನ್ಯೂಜಿಲೆಂಡಿನಲ್ಲಿ ಬಯಲಲ್ಲಿ ಬೀಡುಬಿಡಬೇಕಾದರೆ ಬಹಳ ಕಡೆ ಸ್ವಯಂಪೂರ್ಣ ಗಾಡಿ ಅನ್ನುವ ಪ್ರಮಾಣಪತ್ರ ಕೇಳುತ್ತಾರೆ, 2023ರ ಕಾನೂನಿನಲ್ಲಿ ಕಕ್ಕಸು ಗಾಡಿಗೆ ಭದ್ರವಾಗಿ ಕೂರಿಸಿರಬೇಕು ಎಂದೂ ಸೇರಿಸಿದ್ದಾರೆ.

ನಮಗೆ ಹೊಂದುವುದು ಯುರೋಪಿನ ಕ್ಯಾಸೆಟ್ ಪದ್ಧತಿ, ಅಥವಾ ಅದರ ತಮ್ಮ, ಎರಡು ಭಾಗದ ಪೋರ್ಟಾ ಪಾಟಿ. ಕೆಳಗಿನ ಡಬ್ಬ 18 ರಿಂದ 20 ಲೀಟರ್. ತುಂಬಿದ ಮೇಲೆ ಕೈಯಲ್ಲಿ ಎತ್ತಿಕೊಂಡು ಹೋಗಿ ಮಾಮೂಲಿ ಕಕ್ಕಸಿಗೆ ಸುರಿಯುವುದು. ಆದರೆ ಯುರೋಪಿನ ಲೆಕ್ಕ ನಮಗೆ ಬರುವುದಿಲ್ಲ. ಅವರು ಇಬ್ಬರಿಗೆ ಮೂರು ದಿನ ಅನ್ನುತ್ತಾರೆ. ಅವರು ಕಾಗದ ಬಳಸುವವರು. ನಾವು ಪ್ರತಿಸಲ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬಳಸುತ್ತೇವೆ, ಜೆಟ್ ಹಾಕಿದರೆ ಇನ್ನೂ ಹೆಚ್ಚು. ದಿನಕ್ಕೆ ಆರೇಳು ಲೀಟರ್ ತುಂಬುವ ಡಬ್ಬ ಹತ್ತು ಲೀಟರ್ ತುಂಬುತ್ತದೆ, ಎರಡನೇ ದಿನ ಸಂಜೆಗೇ ಕಂಠಮಟ್ಟ. ಹಾಗಾಗಿ ಅದನ್ನು ರಾತ್ರಿಗೆ, ಮಳೆಗೆ ಮೀಸಲಿಡಿ. ಜೆಟ್ ಬೇಡ, ಸಣ್ಣ ಚೊಂಬು ಸಾಕು. ಮುಕ್ಕಾಲು ತುಂಬಿದಾಗಲೇ ಖಾಲಿ ಮಾಡಿ, ಘಾಟಿಯ ಕುಲುಕಾಟಕ್ಕೆ ಮುಚ್ಚಳದ ರಬ್ಬರ್ ಸಾಲದು. ಆ ರಬ್ಬರಿಗೆ ತಿಂಗಳಿಗೊಮ್ಮೆ ಸಿಲಿಕೋನ್ ಗ್ರೀಸ್. ಕೊಬ್ಬರಿ ಎಣ್ಣೆ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಡಬ್ಬಕ್ಕೆ ಹಾಕುವ ದ್ರಾವಣ ಫಾರ್ಮಾಲ್ಡಿಹೈಡ್ ಇಲ್ಲದ್ದಾಗಿರಲಿ, ಇಲ್ಲವಾದರೆ ಜಾಗ ಕೊಟ್ಟವರ ಮನೆ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾ ಸತ್ತು ವಾಸನೆ ಏಳುತ್ತದೆ. ಹಳ್ಳಕ್ಕಂತೂ ಸುರಿಯಲೇಬಾರದು. ಮೂಡಿಗೆರೆ ಕಡೆಯ ಹಳ್ಳಗಳು ಹೇಮಾವತಿ ಸೇರುತ್ತವೆ, ಕೆಳಗಿನವರು ಕುಡಿಯುವುದು ಅದನ್ನೇ.

ಅಡುಗೆ, ಬೆಂಕಿ

ಅಮೆರಿಕದ ಪ್ರೊಪೇನ್ ರೆಗ್ಯುಲೇಟರ್, ಜರ್ಮನಿಯ ರೆಗ್ಯುಲೇಟರ್ ಯಾವುದೂ ನಮ್ಮ ಸಿಲಿಂಡರಿನ ಬಾಯಿಗೆ ಕೂರುವುದಿಲ್ಲ. ಅಡಾಪ್ಟರ್ ಹುಡುಕುವುದು ಬಿಟ್ಟು ಇಲ್ಲಿನ 5 ಕೆಜಿ ಸಿಲಿಂಡರ್, ಅದರದೇ ರೆಗ್ಯುಲೇಟರ್, ಐಎಸ್‌ಐ ಗುರುತಿನ ಸುರಕ್ಷಾ ಹೋಸು ಬಳಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರಿಗೆ ಒಳಗಿನ ಗಾಳಿಗೆ ಸಂಬಂಧವಿಲ್ಲದ ಪ್ರತ್ಯೇಕ ಪೆಟ್ಟಿಗೆ, ಅದರ ತಳದಲ್ಲಿ ಹೊರಗೆ ತೆರೆಯುವ ಕನಿಷ್ಠ 100 ಚದರ ಸೆಂಟಿಮೀಟರ್ ತೂತು ಇರಬೇಕು. ಇದಕ್ಕೆ ಜಾಗವಿಲ್ಲದ ಈಕೊದಲ್ಲಿ ಅಡುಗೆ ಹಿಂಬಾಗಿಲ ಹೊರಗೆ, ಸಣ್ಣ ಬ್ಯೂಟೇನ್ ಕ್ಯಾನಿನ ಕ್ಯಾಸೆಟ್ ಸ್ಟೌ ಮೇಲೆ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗುವುದು ನಿಲ್ಲಿಸುತ್ತದೆ, ಅದಕ್ಕೆ ಯುರೋಪಿನವರು ಚಳಿಗಾಲಕ್ಕೆ ಪ್ರೊಪೇನಿಗೆ ಬದಲಿಸುತ್ತಾರೆ. ನಮಗೆ ಜನವರಿಯಲ್ಲೂ ಆ ತಾಪತ್ರಯ ಇಲ್ಲ.

ಚಳಿ ಅಂತ ಕೆಂಡದ ಬಾಣಲೆ ಒಳಗೆ ತಗೊಂಡು ಬಾಗಿಲು ಹಾಕಿಕೊಳ್ಳುವುದು ಸಾವು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಮುಗಿಯುತ್ತದೆ. ಗ್ಯಾಸ್ ಒಲೆಯನ್ನೂ ಹೀಟರಿನ ಹಾಗೆ ಉರಿಸಬೇಡಿ. ದಪ್ಪ ಕಂಬಳಿ ತಗೊಂಡು ಹೋಗಿ, ಬ್ಯಾಟರಿಯ ಸಿಒ ಅಲಾರಂ ಒಂದು ತಲೆಯ ಮಟ್ಟದಲ್ಲಿ ನೇತುಹಾಕಿ.

ಫ್ರಿಜ್ಜಿನ ಬಗ್ಗೆ ಒಂದು ಮಾತು. ಗ್ಯಾಸ್ ಮೇಲೂ ನಡೆಯುವ ತ್ರೀ-ವೇ ಫ್ರಿಜ್ ಹಳೇ ಅಮೆರಿಕನ್, ಯುರೋಪಿಯನ್ ಗಾಡಿಗಳಲ್ಲಿ ಇರುತ್ತದೆ. ಅದಕ್ಕೆ ನೆಲ ಮಟ್ಟಸವಾಗಿರಬೇಕು, ನಾಲ್ಕೈದು ಡಿಗ್ರಿ ವಾಲಿದರೂ ಒಳಗಿನ ಅಮೋನಿಯಾ ದ್ರವ ಸರಿಯಾಗಿ ಹರಿಯದೆ ತಂಪಾಗುವುದಿಲ್ಲ. ನಮ್ಮ ಇಳಿಜಾರು ಅಂಗಳಗಳಿಗೆ ಕಂಪ್ರೆಸರಿನದೇ ಸರಿ.

ತೇವ, ನಮ್ಮ ನಿಜವಾದ ಶತ್ರು

ಇಬ್ಬರು ಮಲಗಿದರೆ ಉಸಿರಿನಿಂದಲೇ ರಾತ್ರಿಗೆ ಅರ್ಧದಿಂದ ಒಂದು ಲೀಟರ್ ನೀರು ಒಳಗಿನ ಗಾಳಿಗೆ ಸೇರುತ್ತದೆ. ತಣ್ಣಗಿನ ತಗಡಿಗೆ ತಾಗಿ ಹನಿಯಾಗುತ್ತದೆ. ಯುರೋಪಿನಲ್ಲಿ ಡೀಸೆಲ್ ಹೀಟರಿನ ಒಣಗಾಳಿ ಅದನ್ನು ಎಳೆದುಬಿಡುತ್ತದೆ, ಆಸ್ಟ್ರೇಲಿಯಾದಲ್ಲಿ ಬಿಸಿಲು. ಸಕಲೇಶಪುರದ ಆಷಾಢಕ್ಕೆ ಹೊರಗಿನ ಗಾಳಿಯೂ ಅಷ್ಟೇ ಒದ್ದೆ. ಗಾಜಿನ ಉಣ್ಣೆ, ರಾಕ್‌ವೂಲ್ ತುಂಬಿದ ಗೋಡೆ ಒಂದು ಮಳೆಗಾಲಕ್ಕೆ ಒದ್ದೆ ಹತ್ತಿಯಾಗಿ ಒಳಗಿನಿಂದ ತಗಡನ್ನು ತುಕ್ಕು ಹಿಡಿಸುತ್ತದೆ. ನೀರು ಹೀರದ, ರಂಧ್ರ ಮುಚ್ಚಿದ (ಕ್ಲೋಸ್ಡ್ ಸೆಲ್) ಫೋಮ್, ಅಂದರೆ ನೈಟ್ರೈಲ್ ಅಥವಾ ಎಕ್ಸ್‌ಎಲ್‌ಪಿಇ, 10 ಮಿಮೀ, ತಗಡಿಗೆ ಸಂದಿಲ್ಲದೆ ಅಂಟಿಸಿ. ಬಾಗಿಲಿನ ಒಳಗೋಡೆ ಮಾತ್ರ ತುಂಬಬೇಡಿ. ಗಾಜಿನಿಂದ ಇಳಿದ ಮಳೆನೀರು ಹೋಗಲು ತಳದಲ್ಲಿ ಸಣ್ಣ ತೂತುಗಳಿವೆ, ಫೋಮಿನ ಚೂರು ಅವನ್ನು ಮುಚ್ಚುತ್ತದೆ.

ಪ್ಲೈವುಡ್ ಕೊಳ್ಳುವಾಗ ತೇವ ಮಾತ್ರ ತಡೆಯುವ ಎಂಆರ್ ದರ್ಜೆ ಬೇಡ, ಐಎಸ್ 710 ಬರಹ ಇರುವ ಬಿಡಬ್ಲ್ಯೂಪಿ (ಕುದಿನೀರಿಗೂ ಬಿಚ್ಚದ ದರ್ಜೆ) ಕೇಳಿ. ಕೊಯ್ದ ಅಂಚುಗಳಿಗೆ ಎರಡು ಕೋಟು ಪಿಯು ವಾರ್ನಿಶ್. ಮೇಲ್ಮೈಗಿಂತ ಅಂಚಿನಿಂದಲೇ ನೀರು ಒಳಗೆ ಹೋಗುವುದು. ಸ್ಕ್ರೂ 304 ಸ್ಟೀಲಿನವು. ಹಾಸಿಗೆ ಕೆಳಗಿನ ಹಲಗೆಗೆ ಗೇಣಿಗೊಂದರಂತೆ 25 ಮಿಮೀ ತೂತು ಕೊರೆದು, ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಆಮೇಲೆ ಫೋಮ್ ಹಾಕಿ. ಅರಸೀಕೆರೆ ಸೀಮೆಯಲ್ಲಿ ನಾರಿಗೇನು ಬರ? ದುಬಾರಿ ಆಮದು ಬಲೆಹಾಸು ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ, ಹಾಸಿಗೆಯ ಅಡಿಗೆ ಗಾಳಿ ಬಿಡುತ್ತದೆ.

ಗಾಡಿಯ ಮಾಡಿಗೆ, ಅಂದರೆ ಛಾವಣಿಗೆ, ಫ್ಯಾನು ಕೂರಿಸುವುದಾದರೆ ತಗಡು ಕೊಯ್ಯುವ ಮುನ್ನ ಫ್ಯಾನು ಕೈಯಲ್ಲಿರಲಿ. ಅಮೆರಿಕದ ತೂತು 14 ಇಂಚು, ಅಂದರೆ 356 ಮಿಮೀ ಚೌಕ. ಯುರೋಪಿನಲ್ಲಿ ಹೆಚ್ಚಾಗಿ 400 ಮಿಮೀ. 400 ಕೊಯ್ದ ಮೇಲೆ 14 ಇಂಚಿನದು ಬಂದರೆ ಮಾಡಿಗೆ ತೇಪೆ. ಕ್ರಮ ಹೀಗಿರಲಿ:

1. ತೂತಿನ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ ಜಿಗ್‌ಸಾದಿಂದ ಕೊಯ್ಯಿರಿ. ಕಬ್ಬಿಣದ ಪುಡಿಯನ್ನು ಅಯಸ್ಕಾಂತದಿಂದ ಪೂರ್ತಿ ತೆಗೆಯಿರಿ, ಬಿಟ್ಟರೆ ಎರಡೇ ದಿನಕ್ಕೆ ಪೇಂಟಿನ ಮೇಲೆ ತುಕ್ಕಿನ ಚುಕ್ಕೆ.
2. ಕೊಯ್ದ ಅಂಚಿಗೆ ಎಪಾಕ್ಸಿ ಪ್ರೈಮರ್ ಎರಡು ಕೋಟು, ಒಂದು ರಾತ್ರಿ ಒಣಗಲಿ.
3. ಫ್ರೇಮಿನ ಅಡಿಗೆ ಬ್ಯೂಟೈಲ್ ಟೇಪ್, ಸ್ಕ್ರೂಗಳನ್ನು ಎದುರುಬದುರು ಬಿಗಿಯಿರಿ. ಮರುದಿನ ಇನ್ನೊಮ್ಮೆ ಬಿಗಿಯಿರಿ, ಟೇಪ್ ಅಷ್ಟು ಹೊತ್ತಿಗೆ ಕೂತಿರುತ್ತದೆ.
4. ಅಂಚಿಗೆ, ಸ್ಕ್ರೂ ತಲೆಗಳಿಗೆ ಪಿಯು ಅಥವಾ ಎಂಎಸ್ ಪಾಲಿಮರ್ ಸೀಲೆಂಟ್. ಬಾತ್‌ರೂಮಿನ ಸಿಲಿಕೋನ್ ಬೇಡ. ವರ್ಷದಲ್ಲಿ ಪೇಂಟಿನಿಂದ ಏಳುತ್ತದೆ, ಆಮೇಲೆ ಆ ಜಾಗಕ್ಕೆ ಬೇರೆ ಯಾವ ಅಂಟೂ ಹಿಡಿಯದು.
5. ಎರಡು ದಿನ ಬಿಟ್ಟು ಗಾಡಿಯ ಮೂತಿ ಮೇಲೆ, ಆಮೇಲೆ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ತಲಾ 20 ನಿಮಿಷ ಪೈಪಿನಿಂದ ನೀರು ಬಿಡಿ. ಸಮತಟ್ಟಿನಲ್ಲಿ ಸೋರದ್ದು ಏರಿನಲ್ಲಿ ಸೋರುತ್ತದೆ.

ಫ್ಯಾನಿಲ್ಲದವರು ಎರಡೂ ಕಡೆ ಗಾಜಿಗೆ ರೈನ್ ವೈಸರ್ ಹಾಕಿಸಿ, ಎರಡು ಬೆರಳು ಗಾಜು ಇಳಿಸಿ, ಸೊಳ್ಳೆಬಲೆ ಕಟ್ಟಿ ಮಲಗಿ. ಪೂರ್ತಿ ಮುಚ್ಚಿಕೊಂಡು ಮಲಗಿದವರ ದಿಂಬು ಬೆಳಿಗ್ಗೆ ಹಿಂಡಬಹುದು.

ಕಾರಿನ ಮಾಡಿನ ಮೇಲೆ ಬಿಚ್ಚುವ ಡೇರೆ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾದ ಬಳಕೆ. ಇಂಬಳದ ಕಾಟದಿಂದ ಪಾರಾಗಲು ಅದಕ್ಕಿಂತ ಒಳ್ಳೆಯದಿಲ್ಲ, ಅದು ನಿಜ. ತೊಂದರೆ ಎರಡು. ಡೇರೆ, ಕ್ಯಾರಿಯರ್ ಸೇರಿ 70-80 ಕೆಜಿ ಆಗುತ್ತದೆ, ಎಷ್ಟೋ ಕಾರುಗಳ ಮಾಡಿಗೆ ಓಡುವಾಗಿನ ಮಿತಿ ಅದಕ್ಕಿಂತ ಕಡಿಮೆ. ಕೈಪಿಡಿಯಲ್ಲಿ ಬರೆದಿರುತ್ತದೆ, ನೋಡಿ. ನಿಂತಿರುವಾಗ ಹೊರುವ ಭಾರ ಬೇರೆ, ಅದು ಹೆಚ್ಚು. ಎರಡನೆಯದು, ಒದ್ದೆಯಾಗಿ ಮಡಚಿದ ಡೇರೆ ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಮನೆಗೆ ಬಂದ ದಿನವೇ ಬಿಚ್ಚಿ ಒಣಗಿಸಲು ಶೆಡ್ಡು ಇದ್ದರೆ ಮಾತ್ರ ಕೊಳ್ಳಿ.

ಎಲ್ಲಿ ನಿಲ್ಲಿಸುವುದು

ಕಾಡಿನೊಳಗೆ, ಘಾಟಿಯ ಬದಿಯಲ್ಲಿ ರಾತ್ರಿ ನಿಲ್ಲುವಂತಿಲ್ಲ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಹೋಗುವ ಗಾಡಿಗಳ ಬಗ್ಗೆ ಜಿಲ್ಲಾಡಳಿತದ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಹಿಂದಿನ ದಿನ ವಿಚಾರಿಸಿ. ನಮಗಿರುವ ಕ್ಯಾಂಪ್‌ಸೈಟ್ ಎಂದರೆ ಹೋಮ್‌ಸ್ಟೇ ಅಂಗಳ ಮತ್ತು ಕಾಫಿ ತೋಟ. ತೋಟದಲ್ಲಿ ಮಾಲೀಕರನ್ನು, ಅವರಿಲ್ಲದಿದ್ದರೆ ತೋಟದ ಉಸ್ತುವಾರಿ ನೋಡುವ ರೈಟರನ್ನು ಕೇಳಿ, ಹಗಲಲ್ಲೇ ಹೋಗಿ ಜಾಗ ನೋಡಿ.

ದರೆಯ ಬುಡದಲ್ಲಿ ನಿಲ್ಲಿಸಬೇಡಿ, ಮಳೆಗೆ ಮಣ್ಣು ಕಳಚುತ್ತದೆ. ಒಣಕೊಂಬೆ ಇರುವ ಮರದಡಿಯೂ ಬೇಡ. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ ಆನೆ ಓಡಾಟ ಇರುವುದರಿಂದ ಆ ದಿನ ಹಿಂಡು ಎಲ್ಲಿದೆ ಅಂತ ತೋಟದವರನ್ನೇ ಕೇಳಿ, ಅವರಿಗೆ ಅರಣ್ಯ ಇಲಾಖೆಯ ಸಂದೇಶ ಬಂದಿರುತ್ತದೆ. ಹಣ್ಣಾದ ಹಲಸು, ಬಾಳೆ ಹತ್ತಿರ ನಿಲ್ಲಬೇಡಿ. ಅಕ್ಕಿ, ಬೆಲ್ಲ, ಉಪ್ಪು ಹೊರಗೆ ಬಿಡಬೇಡಿ. ಗಾಡಿಯ ಮೂತಿ ಗೇಟಿನ ಕಡೆಗಿರಲಿ, ಕೀ ಕೈಗೆ ಸಿಗುವಲ್ಲಿರಲಿ. ಆನೆ ಬಂದರೆ ದೀಪ ಹಾಕದೆ, ಸದ್ದು ಮಾಡದೆ ಒಳಗೇ ಇರಿ. ಮಾಡಿನ ಡೇರೆಯವರು ಇಂಥ ಕಡೆ ಆ ರಾತ್ರಿ ಮನೆ ಜಗಲಿ ಕೇಳುವುದೇ ಮೇಲು.

ಇಡೀ ತೋಟದಲ್ಲಿ ಕ್ಯಾಂಪರಿಗೆ ಹೇಳಿ ಮಾಡಿಸಿದ ಜಾಗ ಕಾಫಿ ಕಣ. ಸಿಮೆಂಟು ನೆಲ, ಮಟ್ಟಸ, ಮೇಲೆ ಮರವಿಲ್ಲ, ಬಿಸಿಲು ಬೀಳುತ್ತದೆ, ಪಕ್ಕದಲ್ಲೇ ನೀರು, ಪ್ಲಗ್ಗು ಇರುತ್ತವೆ, ಇಂಬಳ ಕಡಿಮೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕೇಳಬೇಡಿ, ಆಗ ಅಲ್ಲಿ ಹಣ್ಣು ಒಣಗುತ್ತಿರುತ್ತದೆ. ಮಾರ್ಚಿನಲ್ಲಿ ಕಣ ಖಾಲಿಯಾದ ಮೇಲೆ ಕೇಳಿ, ಎಂಜಿನ್ನಿನ ಅಡಿಗೆ ಒಂದು ರಟ್ಟು ಹಾಸಿ ನಿಲ್ಲಿಸಿ. ಕಣದ ಮೇಲೆ ಆಯಿಲ್ ಕಲೆ ಮಾಡಿದವರನ್ನು ಯಾವ ರೈಟರೂ ಎರಡನೇ ಸಲ ಒಳಗೆ ಬಿಡುವುದಿಲ್ಲ.